ಥರ್ಡ್ ಗೇರಿನ ಜರ್ಕು

ನಮ್ಮ ಓನರ್ ಅಂಕಲ್ ತಿಥಿಯ ದಿನ ಊಟಕ್ಕೆ ಕೂತಿದ್ದಾಗ ಪಕ್ಕದ ಎಲೆಯವರು, "ಪಾಪ, ಒಳ್ಳೆ ಮೆಕ್ಯಾನಿಕ್ ತಲೆ ಕಣ್ರೀ ಅವ್ರದ್ದು" ಎಂದರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುವುದು ನನಗೂ ಗೊತ್ತು. ಆದರೆ ಉಣ್ಣುವ ಎಲೆಯ ಮುಂದೆ ಕೂತು ಸುಳ್ಳಿಗೆ ತಲೆಯಾಡಿಸುವುದಕ್ಕೂ ಒಂದು ಮಿತಿ ಇದೆ. ಅವರಷ್ಟು ಕೆಟ್ಟ ಮೆಕ್ಯಾನಿಕ್ಕನ್ನು ನಾನು ಕಂಡಿಲ್ಲ. ಇದನ್ನು ಹೇಳುವ ಹಕ್ಕು ನನಗಿದೆ. ಅವರು ಕೈಯಾಡಿಸಿದ ಗಾಡಿಯ ಹಿಂದಿನ ಸೀಟಿನಲ್ಲಿ, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟುಕೊಂಡು, ತೊಡೆಯ ಮೇಲೆ ಮಜ್ಜಿಗೆ ಪಾತ್ರೆ ಇಟ್ಟುಕೊಂಡು ಕನಕಪುರ ರಸ್ತೆಯಲ್ಲಿ ಓಡಾಡಿದ ಮೀಸೆ ಇರುವ ಗಂಡಸು ನಾನೊಬ್ಬನೇ.

ಜರಗನಹಳ್ಳಿಯಲ್ಲಿ ಅವರ ಮನೆ ಬಾಡಿಗೆಗೆ ಕೇಳಲು ಹೋದ ದಿನ ನಾನೂ ನನ್ನ ಹೆಂಡತಿಯೂ ಎಲ್ಲ ಪ್ರಶ್ನೆಗೂ ತಯಾರಾಗಿ ಹೋಗಿದ್ದೆವು. ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ಆ ಪ್ರಶ್ನೆಗಳು ಬಾಯಿಪಾಠ. ಯಾವ ಊರು, ಯಾವ ಜನ, ಎಲ್ಲಿ ಕೆಲಸ, ಮನೇಲಿ ಮೀನು ಮಾಂಸ ಮಾಡ್ತೀರಾ, ನೆಂಟರು ಬಂದರೆ ಎಷ್ಟು ದಿನ ಇರ್ತಾರೆ. ಊರು ತಿಪಟೂರು, ಕೆಲಸ ಜಯನಗರದ ಕನ್ನಡಕದ ಅಂಗಡಿಯಲ್ಲಿ, ಮೊಟ್ಟೆಯನ್ನೂ ತರುವುದಿಲ್ಲ, ನೆಂಟರು ನಮ್ಮನ್ನು ಕಂಡರೆ ಆಗದವರು ಎಂದು ಉತ್ತರ ಜೋಡಿಸಿಕೊಂಡಿದ್ದೆ. ಗೇಟಿನ ಒಳಗೆ ಒಬ್ಬರು ಪಂಚೆ ಮೇಲೆ ಕಟ್ಟಿ, ಕೈತುಂಬ ಗ್ರೀಸ್ ಮೆತ್ತಿಕೊಂಡು ಹಳೆಯ ಬೈಕೊಂದರ ಮುಂದೆ ಕೂತಿದ್ದರು. ಎದ್ದು ಬಂದು, ಸಂತೆಯಲ್ಲಿ ಎತ್ತು ನೋಡುವ ಹಾಗೆ ನನ್ನ ಸುತ್ತ ಒಂದು ಸುತ್ತು ಬಂದರು.

"ತೂಕ ಎಷ್ಟು?" ಎಂದರು.

"ಯಾರ್ದು ಸಾರ್?"

"ನಿಮ್ದೇ ರೀ. ಮನೇದಾ?"

"ಎಪ್ಪತ್ತೆರಡು ಇರ್ಬೋದು."

ಅವರು ಒಳಗೆ ತಿರುಗಿ, "ಲೇ, ಸಿಕ್ಕಿದ್ರು ಕಣೇ" ಎಂದು ಕೂಗಿದರು. ಬೀಗದಕೈ ನನ್ನ ಕೈಗೆ ಬಂತು. ಜಾತಿ ಕೇಳಲಿಲ್ಲ, ಊರು ಕೇಳಲಿಲ್ಲ. ಜೋಡಿಸಿಕೊಂಡು ಹೋದ ಉತ್ತರವೆಲ್ಲ ದಂಡ. ಮೊದಲಿದ್ದ ಬಾಡಿಗೆಯವರು ಯಾಕೆ ಬಿಟ್ಟರು ಎಂದು ನನ್ನ ಹೆಂಡತಿ ಅನುಮಾನದಿಂದ ವಿಚಾರಿಸಿದಳು. "ಒಳ್ಳೆ ಮನುಷ್ಯ ಕಣಮ್ಮ. ಜಿಮ್ಮಿಗೆ ಸೇರಿ ಹಾಳಾಗೋದ" ಎಂದು ಅಂಕಲ್ ನಿಟ್ಟುಸಿರು ಬಿಟ್ಟರು.

ವಿಷಯ ತಿಳಿದದ್ದು ಸಾಮಾನು ಇಳಿಸಿದ ಮೇಲೆ, ಕಾಫಿ ತಂದುಕೊಟ್ಟ ಆಂಟಿಯಿಂದ. ಅಂಕಲ್ಲಿನ ಹೆಂಡತಿ. ದುಂಡಗಿನ ಮುಖ, ಸಣ್ಣ ದನಿ, ದೊಡ್ಡ ಹಟ. ಚಿಕ್ಕಲಸಂದ್ರದಲ್ಲಿ ಅವರ ತಂಗಿಯ ಮನೆಯ ಗೃಹಪ್ರವೇಶವಂತೆ. ಆಂಟಿ ಹೊಸ ರೇಷ್ಮೆ ಸೀರೆ ಉಟ್ಟು, ಮನೆಯಲ್ಲೇ ಕಾಯಿಸಿದ ಶಾವಿಗೆ ಪಾಯಸದ ಪಾತ್ರೆ ಹಿಡಿದುಕೊಂಡು ಅಂಕಲ್ ಹಿಂದೆ ಕೂತಿದ್ದಾರೆ. ಗಾಡಿ ಹೊರಟಾಗ ಚೆನ್ನಾಗಿಯೇ ಹೋಯಿತು. ಥರ್ಡ್ ಗೇರಿಗೆ ಹಾಕಿ ಅರ್ಧ ಆಕ್ಸಿಲರೇಟರ್ ಕೊಟ್ಟಾಗ ಒಂದು ಗಳಿಗೆ ಉಸಿರು ಹಿಡಿದು, ಆಮೇಲೆ ಗಕ್ಕನೆ ಮುಂದಕ್ಕೆ ಹಾರಿತು. ಪಾಯಸ ಪೂರ್ತಿ ಸೀರೆಯ ಮೇಲೆ. ಆಂಟಿ ಸಾರಕ್ಕಿ ಸಿಗ್ನಲ್ಲಿನಲ್ಲಿ ಇಳಿದರು. "ಇನ್ನು ನಿಮ್ ಗಾಡಿ ಹತ್ತಿದ್ರೆ ನಮ್ಮಪ್ಪನ ಮಗಳೇ ಅಲ್ಲ" ಎಂದು ಖಾಲಿ ಪಾತ್ರೆಯ ಸಮೇತ ಆಟೋ ಹತ್ತಿದರು.

ಅಂದಿನಿಂದ ಹತ್ತಲಿಲ್ಲ. ಪ್ರತಿ ಮಂಗಳವಾರ ರಾಹುಕಾಲಕ್ಕೆ ಬನಶಂಕರಿ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವುದು ಆಂಟಿಯ ವ್ರತ. ಮದುವೆಯಾದಾಗಿನಿಂದ ಅವರನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗುವುದು ಅಂಕಲ್ಲಿನ ವ್ರತ. ಈಗ ಆಂಟಿ ಆಟೋದಲ್ಲಿ ಮುಂದೆ, ಅಂಕಲ್ ಖಾಲಿ ಸೀಟಿನ ಬೈಕಿನಲ್ಲಿ ಹಿಂದೆ. ಆಟೋದವನು ಕನ್ನಡಿಯಲ್ಲಿ ನೋಡಿ, "ಅಮ್ಮಾ, ಯಾರೋ ಅಂಕಲ್ಲು ನಮ್ಮ ಹಿಂದೇನೇ ಬತ್ತಾವ್ರೆ" ಎಂದರೆ, "ನಮ್ಮೆಜಮಾನ್ರೇ ಕಣಪ್ಪ. ನೀನು ನೋಡ್ಕೊಂಡು ಓಡ್ಸು" ಅನ್ನುತ್ತಿದ್ದರಂತೆ.

ಅಂಕಲ್ಲಿಗೆ ಇದು ಬಹಳ ನಾಟಿತ್ತು. ಒಂದು ಕಾಲಕ್ಕೆ ಆ ಬೀದಿಯೆಲ್ಲ ಅವರ ಅಪ್ಪನ ರಾಗಿ ಹೊಲ. ಹೊಲ ಹೋಗಿ ಸೈಟಾಗಿ, ಸೈಟು ಬಾಡಿಗೆ ಮನೆಗಳಾಗಿ, ಅಂಕಲ್ ಕಾಲ ಮೇಲೆ ಕಾಲು ಹಾಕಿಕೊಂಡು ಕೂರಬಹುದಾಗಿತ್ತು. ಆದರೆ ಕೂತರೆ ಕಣ್ಣಿಗೆ ಬೀಳುತ್ತಿದ್ದದ್ದು ಆ ಖಾಲಿ ಸೀಟು. "ಹಿಂದೆ ಸೀಟು ಮಾಡಿರೋದು ಯಾಕೆ ಸಾರ್, ಕಾಗೆ ಕೂರಕ್ಕಾ? ಅವ್ಳು ಮತ್ತೆ ಕೂತ್ಕೋಬೇಕು, ಅಷ್ಟೇ ನಂದು" ಎಂದು ನನ್ನ ಹತ್ತಿರ ನೇರವಾಗಿಯೇ ಹೇಳಿದ್ದರು. ಅದಕ್ಕೆ ಗಾಡಿಯ ಜರ್ಕು ಹೋಗಬೇಕು. ಹೋಗಿದೆಯೋ ಇಲ್ಲವೋ ಎಂದು ನೋಡಲು ಆಂಟಿಯಷ್ಟೇ ತೂಕದ ಮನುಷ್ಯ ಬೇಕು. ಮೊದಮೊದಲು ರಾಗಿ ಮೂಟೆ ಕಟ್ಟಿಕೊಂಡು ಓಡಾಡಿದರಂತೆ. "ಮೂಟೆ ದೂರು ಹೇಳಲ್ಲ ಸಾರ್, ಅದೇ ಪ್ರಾಬ್ಲಮ್ಮು" ಎಂದರು. ದೂರು ಹೇಳುವ ಮೂಟೆಯಾಗಿ ನಾನು ನೇಮಕವಾದೆ.

ನಮ್ಮ ಅಂಗಡಿಗೂ ಮಂಗಳವಾರವೇ ರಜೆ. ಅದು ನನ್ನ ಕರ್ಮ. ಬೆಳಗ್ಗೆ ತಿಂಡಿ ಆಗುತ್ತಲೇ ಕೆಳಗಿನಿಂದ ಹಾರ್ನ್ ಆಗುತ್ತಿತ್ತು. ಗಂಡಸರ ಹಾಗೆ ಕೂತರೆ ಲೆಕ್ಕಕ್ಕಿಲ್ಲ, ಸೀರೆ ಉಟ್ಟವರ ಹಾಗೆ ಒಂದೇ ಕಡೆ ಕಾಲು ಹಾಕಿ ಕೂರಬೇಕು. ತೊಡೆಯ ಮೇಲೆ ಕಂಠಮಟ್ಟ ತುಂಬಿದ ಪಾತ್ರೆ. ಮೊದಲ ಹಂತದಲ್ಲಿ ನೀರು, ಅದರಲ್ಲಿ ಪಾಸಾದರೆ ಮಜ್ಜಿಗೆ, ಕೊನೆಯ ಪರೀಕ್ಷೆ ಪಾಯಸ. ನಾವು ಬಹಳ ಕಾಲ ನೀರಿನಲ್ಲೇ ಫೇಲಾಗುತ್ತಿದ್ದೆವು. ಒದ್ದೆ ಪ್ಯಾಂಟಿನಲ್ಲಿ ಮೆಟ್ಟಿಲು ಹತ್ತುವಾಗ ಎದುರು ಮನೆಯವರು ನನ್ನನ್ನು ನೋಡುತ್ತಿದ್ದ ನೋಟವನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಅಂಕಲ್ಲಿನ ಗುರುಗಳು ಫೋನಿನಲ್ಲಿ ಬರುವ ವಿಡಿಯೋಗಳು. ಯಾವುದೋ ದೇಶದವರು ಗಾಡಿಯ ಗಾಳಿ ಎಳೆಯುವ ದಾರಿ, ಹೊಗೆ ಬಿಡುವ ದಾರಿ ಎರಡನ್ನೂ ತಿದ್ದಿ ತೀಡಿ ತೋರಿಸುತ್ತಿದ್ದರು. ಮಾತು ಒಂದೂ ತಿಳಿಯುತ್ತಿರಲಿಲ್ಲ. "ಮಾತು ಯಾಕ್ ಬೇಕು, ಕೈ ನೋಡಿದ್ರೆ ಸಾಕು" ಅನ್ನುತ್ತಿದ್ದರು. ಅಲ್ಲಿ ಹೆಕ್ಕಿದ ಒಂದೇ ಪದ ಮಿಡ್‌ರೇಂಜು. ಅದು ಅವರ ನಾಲಿಗೆಗೆ ಅಂಟಿಬಿಟ್ಟಿತು. "ನೂರರ ಸ್ಪೀಡು ಯಾರಿಗ್ ಬೇಕು ಸಾರ್ ಈ ಊರಲ್ಲಿ? ಜೆಪಿ ನಗರದ ಸಿಗ್ನಲ್ ದಾಟಿದ್ರೆ ಜಯನಗರದ ಸಿಗ್ನಲ್ಲು. ನಿಂತಿದ್ ಗಾಡಿ ಹೊರಡೋದು ಎಲ್ರಿಗೂ ಬರತ್ತೆ. ಮಧ್ಯ, ಆ ಮೂವತ್ತು ನಲವತ್ತರಲ್ಲಿ ಬೆಣ್ಣೆ ಥರ ಹೋಗ್ಬೇಕು. ಬದುಕೆಲ್ಲ ಅಲ್ಲೇ ಇರೋದು."

ಬರಬರುತ್ತ ಲೋಕವನ್ನೆಲ್ಲ ಅದೇ ಕಣ್ಣಿನಿಂದ ಅಳೆಯತೊಡಗಿದರು. ಮದುವೆ ಊಟ ಮುಗಿಸಿ ಬಂದರೆ, "ಕೋಸಂಬರಿ ಚೆನ್ನಾಗಿತ್ತು, ಮೊಸರನ್ನ ಚೆನ್ನಾಗಿತ್ತು. ಸಾರು ಹುಳಿ ಸರಿ ಇಲ್ಲ, ಮಿಡ್‌ರೇಂಜ್ ಹೊಡ್ದೋಗಿದೆ" ಎಂದು ವರದಿ. ಒಮ್ಮೆ ನಾನೂ ನನ್ನ ಹೆಂಡತಿಯೂ ಜಗಳವಾಡಿದ್ದು ಕೆಳಗೆ ಕೇಳಿಸಿರಬೇಕು. ಮಾರನೆಯ ದಿನ ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿ, "ನಿಮ್ ಮನೆಯವ್ರದ್ದು ಸ್ಟಾರ್ಟಿಂಗ್ ಜೋರು ಸಾರ್, ಆದ್ರೆ ಮಿಡ್‌ರೇಂಜ್ ಇಲ್ಲ. ಎರಡು ನಿಮಿಷ ತಡ್ಕೊಂಡ್ರೆ ತಾನೇ ಆಫ್ ಆಗತ್ತೆ" ಎಂದು ಸಲಹೆ ಕೊಟ್ಟರು. ನನ್ನ ಹೆಂಡತಿಗೆ ಇದನ್ನು ಹೇಳಿ ನಾನು ಇನ್ನೊಂದು ಜಗಳ ತಂದುಕೊಂಡೆ.

ಮೊದಲು ಕೈ ಹಾಕಿದ್ದು ಸೈಲೆನ್ಸರಿಗೆ. ಹೊಗೆ ಸಲೀಸಾಗಿ ಹೋದರೆ ಗಾಡಿಯೂ ಸಲೀಸಾಗಿ ಹೋಗುತ್ತದೆ ಎಂದು ಅದರೊಳಗಿನ ಜಾಲರಿ ಕೊಳವೆಯನ್ನೇ ಎಳೆದು ಬಿಸಾಡಿದರು. ಗಾಡಿ ಶುರು ಮಾಡಿದರೆ ಬೀದಿಯ ನಾಯಿಗಳೆಲ್ಲ ಸಾರಕ್ಕಿ ಕೆರೆಯ ಕಡೆ ಓಡಿದವು. ಸದ್ದು ಹೆಚ್ಚಿ, ಇದ್ದ ಎಳೆತವೂ ಹೋಯಿತು. ಎಳೆತ ಕಮ್ಮಿಯಾದ್ದರಿಂದ ನೀರಿನಲ್ಲಿ ಹೇಗೋ ಪಾಸಾಗಿದ್ದೆವು, ಅಂದು ಮಜ್ಜಿಗೆಯ ಹಂತ. ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸಿನವರು ಕೈ ಅಡ್ಡ ಹಾಕಿದರು. ಗಾಡಿಯನ್ನು ನೋಡಿದರು, ಆಮೇಲೆ ಬಹಳ ಹೊತ್ತು ನನ್ನನ್ನು ನೋಡಿದರು.

"ನೀವ್ಯಾಕೆ ಸಾರ್ ಹೆಂಗಸ್ರ ಥರ ಕೂತಿದ್ದೀರಾ?"

"ಟೆಸ್ಟಿಂಗ್ ಸಾರ್" ಎಂದರು ಅಂಕಲ್, ನನ್ನ ಪರವಾಗಿ.

"ಪಾತ್ರೇಲಿ ಏನು?"

"ಮಜ್ಜಿಗೆ" ಎಂದೆ.

ಬಿಸಿಲು ಸುಡುತ್ತಿತ್ತು. ಅವರು ಹೆಲ್ಮೆಟ್ಟು ತೆಗೆದು, ಪಾತ್ರೆಯ ಮುಚ್ಚಳದಲ್ಲಿ ಬಗ್ಗಿಸಿಕೊಂಡು ಕುಡಿದು, "ಉಪ್ಪು ಸ್ವಲ್ಪ ಕಮ್ಮಿ" ಎಂದು, ಸೈಲೆನ್ಸರ್ ಸರಿ ಮಾಡಿಸಿಕೊಳ್ಳಲು ಗದರಿಸಿ ಕಳಿಸಿದರು. ಅಂಕಲ್ಲಿನ ಚಿಂತೆಯೇ ಬೇರೆ. "ಮಜ್ಜಿಗೆ ಲೆವೆಲ್ ಇಳಿದೋಯ್ತು. ಇವತ್ತಿನ ಟೆಸ್ಟು ಕ್ಯಾನ್ಸಲ್" ಎಂದು ಗೊಣಗುತ್ತ ತಿರುಗಿಸಿದರು.

ಸಿದ್ದಾಪುರದಲ್ಲಿ ಅವರಿಗೆ ಗೊತ್ತಿದ್ದ ಒಬ್ಬ ಮೆಕ್ಯಾನಿಕ್ ಇದ್ದ. ಗಾಡಿ ನೋಡಿದ ಕೂಡಲೇ ಕೈಮುಗಿಯುವ ಅಭ್ಯಾಸ ಅವನಿಗೆ ಆಗಿಹೋಗಿತ್ತು. "ಅಣ್ಣ, ಒಂದ್ಸಲ ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ನೋಡೋಣ" ಎಂದು ಅವನು ಹೇಳುವುದು, "ಅದು ಕಂಪ್ನಿ ಸೀಲು. ಅವ್ರು ನೋಡೇ ಹಾಕಿರ್ತಾರೆ" ಎಂದು ಇವರು ತಳ್ಳಿಹಾಕುವುದು. ಬಿಚ್ಚಿ ನೋಡುವುದು ಬಿಟ್ಟು ಇವರು ಪಾರ್ಕಿನ ಪ್ರಾಣಾಯಾಮದ ಗುಂಪಿಗೆ ಸೇರಿದರು. ಎಂಜಿನ್ನು ಅಂದರೆ ಉಸಿರು, ಉಸಿರು ಅಂದರೆ ಪ್ರಾಣಾಯಾಮ ಅನ್ನುವ ತರ್ಕ. ಅಲ್ಲಿ ಹೇಳಿಕೊಟ್ಟವರು, ಉಸಿರನ್ನು ದೀರ್ಘವಾಗಿ ಎಳೆಯಿರಿ ಎಂದರಂತೆ. ಅಂದು ಸಂಜೆ ನನ್ನ ಹೆಂಡತಿ ಪಾತ್ರೆ ತೊಳೆಯಲು ನಲ್ಲಿ ಬಿಟ್ಟರೆ ಸಿಂಕಿನ ನೀರೆಲ್ಲ ಅವಳ ಕಾಲ ಮೇಲೆ ಸುರಿಯಿತು. ಸಿಂಕಿನ ಕೆಳಗಿನ ಸುಕ್ಕು ಸುಕ್ಕು ಪೈಪು ಮಾಯ. ಕೆಳಗೆ ಹೋಗಿ ನೋಡಿದರೆ ಅದು ಬೈಕಿನ ಗಾಳಿ ಡಬ್ಬಿಯ ಬಾಯಿಗೆ ಸಿಕ್ಕಿಕೊಂಡು ಸೀಟಿನ ಪಕ್ಕದಲ್ಲಿ ಆನೆಯ ಸೊಂಡಿಲಿನ ಹಾಗೆ ನೇತಾಡುತ್ತಿತ್ತು.

"ಬೆಳಗ್ಗೆ ಟ್ಯಾಂಕ್ ನೋಡಕ್ ಮೇಲೆ ಬಂದಿದ್ನಲ್ಲ, ಆಗ ಬಿಚ್ಕೊಂಡೆ. ಉದ್ದ ಉಸಿರು ಸಾರ್" ಎಂದರು ಅಂಕಲ್, ಒಂದಿಷ್ಟೂ ನಾಚಿಕೆಯಿಲ್ಲದೆ. "ಒಂದು ವಾರ ಬಕೆಟ್ ಇಟ್ಕೊಳಿ."

ವಾರ ತಿಂಗಳುಗಳಾದವು. ಜರ್ಕು ಹೋಗಲಿಲ್ಲ, ಬಕೆಟ್ಟೂ ಹೋಗಲಿಲ್ಲ. ಮಂಗಳವಾರದ ಆಟೋ ತಪ್ಪಲಿಲ್ಲ. ಆಟೋ ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ಅಂಕಲ್ ಕಿಕ್ ಹೊಡೆಯದೆ ನಿಂತಿರುತ್ತಿದ್ದರು. ಆಗೆಲ್ಲ ನನಗೆ ಅವರ ಮೇಲಿನ ಸಿಟ್ಟೆಲ್ಲ ಇಳಿದುಹೋಗುತ್ತಿತ್ತು. ಇಷ್ಟು ಹೊತ್ತಿಗೆ ನನ್ನ ತೂಕ ಸ್ವಲ್ಪ ಏರಿತ್ತು. ಆಂಟಿಯ ತೂಕವೂ ಏರಿದೆ ಎಂದು ಅಂಕಲ್ ಸಮಾಧಾನ ಹೇಳಿದರು.

ಕೊನೆಗೆ ನೆರವಾದದ್ದು ಆಯುಧಪೂಜೆ. ಹಬ್ಬದ ಹಿಂದಿನ ದಿನ ಆಂಟಿ ಅರಿಶಿನ ಕುಂಕುಮದ ತಟ್ಟೆ ಜೋಡಿಸುತ್ತ ಗಾಡಿಯ ಕಡೆ ನೋಡಿ, "ರೀ, ಮುಸುರೆ ನೀರು ಹರಿದ ಪೈಪು ತಗ್ಲಾಕಿರೋ ಗಾಡಿಗೆ ನಾನು ಕುಂಕುಮ ಇಡಲ್ಲ" ಎಂದುಬಿಟ್ಟರು. ಹೆಂಡತಿ ಹತ್ತದ ಗಾಡಿಯನ್ನು ಅಂಕಲ್ ಸಹಿಸಿಕೊಂಡಿದ್ದರು. ಪೂಜೆಯಿಲ್ಲದ ಗಾಡಿಯನ್ನು ಸಹಿಸುವುದು ಅವರಿಂದಾಗಲಿಲ್ಲ. ಪೈಪು ಕಿತ್ತರು, ಹಳೆಯ ಸೈಲೆನ್ಸರನ್ನು ಅಟ್ಟದಿಂದ ಇಳಿಸಿ ಕೂರಿಸಿದರು, ಹಬ್ಬಕ್ಕೆ ಎಲ್ಲ ತೊಳೆಯಬೇಕಲ್ಲ ಎಂದು ಆ ಸೀಲಿನ ಡಬ್ಬಿಯನ್ನೂ ಬಿಚ್ಚಿದರು.

ಒಳಗೆ ಇಲಿಯ ಗೂಡು. ಒಂದು ಸಂಸಾರವೇ ಬಾಳಿ ಬದುಕಿ, ಮಕ್ಕಳು ಮರಿ ಮಾಡಿ, ಮನೆ ಖಾಲಿ ಮಾಡಿಕೊಂಡು ಹೋಗಿತ್ತು. ತೆಂಗಿನ ನಾರು, ಹಳೆಯ ಕ್ಯಾಲೆಂಡರಿನ ಚೂರು, ನನ್ನದೊಂದು ಕಾಲುಚೀಲ. ಗಾಡಿ ಇಷ್ಟು ಕಾಲ ಆ ಗೂಡಿನ ಸಂದಿಯಲ್ಲಿ ಉಸಿರಾಡುತ್ತಿತ್ತು. ನಾನು ಅಂಕಲ್ ಮುಖ ನೋಡಿದೆ. ಅವರು ಗೂಡನ್ನು ಕಸದ ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡು, "ನಾನು ಹೇಳಿರ್ಲಿಲ್ವಾ, ಉಸಿರಾಟದ್ದೇ ತೊಂದ್ರೆ ಅಂತ" ಎಂದರು.

ಮಾರನೆಯ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಗಾಡಿ ಉರುಳಿಸಿದರು. ಬೆಣ್ಣೆ. ಮುಂದಿನ ಮಂಗಳವಾರ ಮಧ್ಯಾಹ್ನ ನನ್ನ ಕೈಗೆ ನೇರವಾಗಿ ಪಾಯಸದ ಪಾತ್ರೆ ಬಂತು. ಗುಡಿಯವರೆಗೆ ಹೋಗಿ ಬಂದೆವು, ಒಂದು ಶಾವಿಗೆ ಎಳೆ ಚೆಲ್ಲಲಿಲ್ಲ. ಆಂಟಿ ಪಾತ್ರೆಯ ಅಂಚಿಗೆ ಬೆರಳಾಡಿಸಿ ನೋಡಿದರು, ನನ್ನ ಪ್ಯಾಂಟು ನೋಡಿದರು. ಒಳಗೆ ಹೋಗಿ, ಸೀರೆ ಬದಲಿಸಿ, ಸೆರಗು ಸಿಕ್ಕಿಸಿಕೊಂಡು, ಹೆಲ್ಮೆಟ್ಟು ಹಾಕಿಕೊಂಡು ಬಂದರು. "ನಮ್ಮಪ್ಪ ಕ್ಷಮಿಸ್ಲಿ" ಎಂದು ಹತ್ತಿ ಕೂತರು. ಅಂಕಲ್ ಗಾಡಿ ಹೊರಡಿಸಿದರು. ಬೀದಿಯ ಕೊನೆಯವರೆಗೂ ಅವರ ಬೆನ್ನು ನೆಟ್ಟಗಿತ್ತು. ನನ್ನ ಹೆಂಡತಿ ಬಾಲ್ಕನಿಯಲ್ಲಿ ನಿಂತು ಕಣ್ಣು ಒರೆಸಿಕೊಂಡಳು. ನಮ್ಮ ಸಿಂಕಿನ ಪೈಪು ವಾಪಸು ಬಂದಿದ್ದೂ ಅದಕ್ಕೆ ಕಾರಣವಿರಬಹುದು.

ನಾನು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಫೋನು.

"ಸಾರ್, ನಿಮ್ ಆಂಟಿ ಬಂದ್ರಾ ಅಲ್ಲಿಗೆ?"

"ನಿಮ್ ಜೊತೇಲೇ ಬಂದ್ರಲ್ಲ ಅಂಕಲ್."

"ಗುಡಿ ಮುಂದೆ ಸ್ಟ್ಯಾಂಡ್ ಹಾಕಿ ತಿರುಗಿದ್ರೆ ಇಲ್ಲ ಸಾರ್. ಬಿದ್ದೋದ್ಲೇನೋ ಅಂತ ಭಯ. ಆದ್ರೆ ಹೆಂಗ್ ಬೀಳ್ತಾಳೆ, ಜರ್ಕೇ ಆಗಿಲ್ಲ."

ಆಗಿದ್ದಿಷ್ಟು. ಸಾರಕ್ಕಿ ಸಿಗ್ನಲ್ಲಿನಲ್ಲಿ ಕೆಂಪು ದೀಪ. ಪಕ್ಕದಲ್ಲೇ ತಳ್ಳುಗಾಡಿಯಲ್ಲಿ ಒಳ್ಳೆಯ ನಿಂಬೆಹಣ್ಣು ಕಂಡು ಆಂಟಿ, "ಇರಿ, ತಗೊಂಡ್ ಬರ್ತೀನಿ" ಎಂದು ಇಳಿದಿದ್ದಾರೆ. ಅಂಕಲ್ ಹೆಲ್ಮೆಟ್ಟಿನೊಳಗೆ ತಲೆ ಬಗ್ಗಿಸಿ ಎಂಜಿನ್ನಿನ ಸದ್ದು ಕೇಳುವುದರಲ್ಲಿ ಮುಳುಗಿದ್ದರು. ಹಸಿರು ಬಿತ್ತು, ಹೋದರು. ದಾರಿಯುದ್ದಕ್ಕೂ, "ಈಗ ಥರ್ಡ್ ಬಿತ್ತು, ಗೊತ್ತಾಯ್ತಾ? ಗೊತ್ತಾಗ್ಲಿಲ್ಲ ಅಲ್ವಾ?" ಎಂದು ಹೆಂಡತಿಯ ಜೊತೆ ಮಾತಾಡುತ್ತಲೇ ಹೋಗಿದ್ದಾರೆ. ಉತ್ತರ ಬಾರದ್ದನ್ನು ಒಪ್ಪಿಗೆ ಎಂದು ತಿಳಿದಿದ್ದಾರೆ.

ಆಂಟಿ ಆಟೋದಲ್ಲಿ ಬಂದಿಳಿದರು. ತಲೆಯ ಮೇಲೆ ಹೆಲ್ಮೆಟ್ಟು, ಮಡಿಲಲ್ಲಿ ನಿಂಬೆಹಣ್ಣು. ನಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಷ್ಟರಲ್ಲಿ ಅಂಕಲ್ಲೂ ಬಂದರು. ಭಯ ಹೋಗಿ ಅವರ ಮುಖದಲ್ಲಿ ಹೆಮ್ಮೆ ಶುರುವಾಗಿತ್ತು. "ನೀನು ಇಳಿದಿದ್ದೇ ಗೊತ್ತಾಗ್ಲಿಲ್ಲ ಕಣೇ. ಅಷ್ಟು ಸ್ಮೂತು."

ಆಂಟಿ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಹೆಲ್ಮೆಟ್ಟನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, "ಮುಂಚೆ ಎಳೆದಾಡ್ತಿತ್ತು. ನಿಮ್ ಭುಜ ಹಿಡ್ಕೊಂಡು ಬೈತಿದ್ದೆ. ನಾನಿದ್ದೀನಿ ಅಂತ ನಿಮ್ಗೆ ಗೊತ್ತಾಗ್ತಿತ್ತು. ಈಗ ನಾನಿದ್ರೂ ಒಂದೇ, ಇಲ್ದಿದ್ರೂ ಒಂದೇ" ಎಂದರು. ಸಣ್ಣ ದನಿ ಇನ್ನೂ ಸಣ್ಣಗಾಗಿತ್ತು.

ಅಂಕಲ್ಲಿನ ಹೆಮ್ಮೆ ಅಲ್ಲೇ ಆಫ್ ಆಯಿತು. ಗಾಡಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಗಾಳಿ ಡಬ್ಬಿಯ ಬಾಯಿಗೆ ಕೈ ಅಡ್ಡ ಹಿಡಿದು ನೋಡಿದರು. ಆಮೇಲೆ ನನ್ನನ್ನು ಕರೆದು ಮೆಲ್ಲಗೆ, "ಆ ಇಲಿ ಗೂಡು ಕಸದ ಗಾಡೀಗ್ ಹೋಯ್ತಾ ಸಾರ್?" ಎಂದು ಕೇಳಿದರು. ಹೋಗಿತ್ತು. ಒಳಗಿನಿಂದ ಕೇಳಿಸಿಕೊಂಡ ಆಂಟಿ ಹೊರಗೆ ಬಂದರು. ಕೈಯಲ್ಲಿ ಆ ಪಾಯಸದ ಸೀರೆ ಮತ್ತು ಕತ್ತರಿ. ಕಲೆಯಾದ ಕಡೆಯಿಂದ ಒಂದು ತುಂಡು ಕತ್ತರಿಸಿ, "ಇಷ್ಟು ಸಾಕಾ ನೋಡಿ" ಎಂದರು.

ಅಂದಿನ ಟ್ಯೂನಿಂಗು ನಾನು ಕಂಡ ಅವರ ಏಕೈಕ ಒಳ್ಳೆಯ ಕೆಲಸ. ಬಟ್ಟೆಯನ್ನು ಗಾಳಿ ಡಬ್ಬಿಯ ಬಾಯಿಗೆ ಇಡುವುದು, ನನ್ನನ್ನು ಕೂರಿಸಿಕೊಂಡು ಒಂದು ಸುತ್ತು ಹೋಗುವುದು, ಬಂದು ಒಂಚೂರು ಕತ್ತರಿಸುವುದು. "ಪಾಯಸ ಚೆಲ್ಲಬಾರ್ದು. ಕೈ ಮಾತ್ರ ಭುಜಕ್ಕೆ ಬರ್ಬೇಕು. ಅಷ್ಟೇ ಜರ್ಕು" ಎಂದು ಅಳತೆ ಹೇಳಿದರು. ಕತ್ತಲಾಗುವ ಹೊತ್ತಿಗೆ ಸರಿಯಾಗಿ ಅಷ್ಟೇ ಬಂತು. ಜೊತೆಗೆ ಒಂದು ಕಾನೂನೂ ಬಂತು. ಥರ್ಡ್ ಗೇರಿನಲ್ಲಿ ಗಾಡಿ ಎಳೆದಾಗಲೆಲ್ಲ ಆಂಟಿ ಭುಜಕ್ಕೆ ಒಂದು ಏಟು ಹಾಕಿ, ಹೆಲ್ಮೆಟ್ಟಿನೊಳಗೂ ಕೇಳುವ ಹಾಗೆ, "ಇದ್ದೀನಿ" ಅನ್ನಬೇಕು. ಆಮೇಲಿನ ಮಂಗಳವಾರಗಳಲ್ಲಿ ನಾನು ಬಾಲ್ಕನಿಯಲ್ಲಿ ಪೇಪರ್ ಓದುತ್ತ ಕೂತಿದ್ದರೆ ಬೀದಿಯ ತಿರುವಿನಿಂದ ಮೊದಲು ಗಾಡಿಯ ಗಕ್ಕು, ಹಿಂದೆಯೇ ಆಂಟಿಯ "ಇದ್ದೀನಿ" ಕೇಳುತ್ತಿತ್ತು. ಬೀದಿಯವರಿಗೆಲ್ಲ ಅದು ಅಭ್ಯಾಸವಾಗಿಹೋಯಿತು.

ಹೋದ ತಿಂಗಳು ಅಂಕಲ್ ಮಧ್ಯಾಹ್ನದ ನಿದ್ದೆಯಲ್ಲೇ ಹೋದರು. ಒಂದು ಜರ್ಕೂ ಇಲ್ಲದೆ. ಅವರಿದ್ದಿದ್ದರೆ ಆ ಸಾವಿನ ಮಿಡ್‌ರೇಂಜನ್ನು ಮೆಚ್ಚಿಕೊಳ್ಳುತ್ತಿದ್ದರು.

ಮೊನ್ನೆ ಮಂಗಳವಾರ ಆಂಟಿ ಮೇಲೆ ಬಂದು, "ಗುಡೀಗೆ ಬಿಡ್ತೀರಾ?" ಎಂದರು. ಆಟೋ ಕರೀತೀನಿ ಆಂಟಿ ಎಂದೆ. "ಆಟೋ ಬೇಡ. ಗಾಡಿ ತಗೀರಿ" ಎಂದರು. ಅಂಕಲ್ ಹೋದಾಗಿನಿಂದ ನಿಂತೇ ಇದ್ದ ಗಾಡಿ ಸ್ಟಾರ್ಟ್ ಆಗಲಿಲ್ಲ, ಮೊದಲು ಸಿದ್ದಾಪುರಕ್ಕೆ ತಳ್ಳಿಕೊಂಡು ಹೋದೆ. ಮೆಕ್ಯಾನಿಕ್ ಈ ಸಲ ಕೈಮುಗಿಯಲಿಲ್ಲ, ಗಾಡಿಯ ಟ್ಯಾಂಕ್ ಸವರಿದ. ಡಬ್ಬಿ ಬಿಚ್ಚಿದವನು ಬೆರಳ ತುದಿಯಲ್ಲಿ ಜರಿಯ ಅಂಚಿನ ಒಂದು ಚೂರು ಹಿಡಿದು, "ಇದೇನ್ ಸಾರ್ ಬಟ್ಟೆ? ಇದ್ರಿಂದ್ಲೇ ಎಳೀತಿರೋದು. ಬಿಸಾಕ್ಲಾ?" ಎಂದು ಕೇಳಿದ.

"ಬೇಡಪ್ಪ. ಇದ್ದ ಹಾಗೇ ಇಡು" ಎಂದೆ.

ಗಾಡಿಯನ್ನು ಮನೆಗೆ ತಂದ ಮೇಲೆ ಆಂಟಿ ಹಿಂದೆ ಕೂತರು. ಅವರನ್ನು ಕೂರಿಸಿಕೊಂಡು ನಾನು ಮುಂದೆ ಕೂತದ್ದು ಅದೇ ಮೊದಲು. ಬೀದಿಯ ತಿರುವು ದಾಟಿ ಥರ್ಡ್ ಗೇರಿಗೆ ಹಾಕಿ ಆಕ್ಸಿಲರೇಟರ್ ತಿರುಗಿಸಿದೆ. ಗಾಡಿ ಒಂದು ಗಳಿಗೆ ಉಸಿರು ಹಿಡಿದು ಗಕ್ಕನೆ ಎಳೆಯಿತು. ನನ್ನ ಭುಜದ ಮೇಲೆ ಕೈ ಬಿತ್ತು.

"ಇದ್ದೀನಿ" ಎಂದರು ಆಂಟಿ.